ದೋಣಿಯನ್ನೇ ತೂಗಿದ ತಕ್ಕಡಿ

ಇವತ್ತಿನ ಚರಿತ್ರೆಯ ಮಾತುಕತೆ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಒಂದು ಹಳೆಯ ಕಟ್ಟಡದ ಬಗ್ಗೆ. ಅದರ ಮುಂದೆ ಈಗ ಈರಿ ಬುಲೆವಾರ್ಡ್ ಎಂಬ ರಸ್ತೆ ಇದೆ, ಕಾರುಗಳು ಓಡುತ್ತವೆ. ಒಂದು ಕಾಲದಲ್ಲಿ ಅದೇ ಜಾಗದಲ್ಲಿ ಈರಿ ಕಾಲುವೆ ಹರಿಯುತ್ತಿತ್ತು. ರಸ್ತೆಗೆ ಆ ಹೆಸರು ಬಂದದ್ದೇ ಅದರಿಂದ.

ಈ ಕಾಲುವೆಯ ಕೆಲಸ ಶುರುವಾದದ್ದು 1817ರ ಜುಲೈ 4ರಂದು, ಮುಗಿದದ್ದು 1825ರಲ್ಲಿ. ಆಲ್ಬನಿಯಿಂದ ಬಫಲೋವರೆಗೆ 363 ಮೈಲಿ ಉದ್ದ, 40 ಅಡಿ ಅಗಲ, ಆಳ ಬರೀ 4 ಅಡಿ. ಗವರ್ನರ್ ಡಿವಿಟ್ ಕ್ಲಿಂಟನ್ ಅವರ ಈ ಯೋಜನೆಯನ್ನು ಜನ ‘ಕ್ಲಿಂಟನ್ನನ ಹಳ್ಳ’ ಎಂದು ಗೇಲಿ ಮಾಡಿದ್ದರು. ಆದರೆ ಕಾಲುವೆ ತೆರೆದ ಮೇಲೆ ಬಫಲೋದಿಂದ ನ್ಯೂಯಾರ್ಕಿಗೆ ಒಂದು ಟನ್ ಸರಕು ಸಾಗಿಸುವ ಖರ್ಚು ಸುಮಾರು 100 ಡಾಲರಿನಿಂದ ಹತ್ತು ಡಾಲರಿನ ಆಸುಪಾಸಿಗೆ ಇಳಿಯಿತು. ಗೇಲಿ ನಿಂತಿತು.

ನೆಲ ಏರುತ್ತಾ ಇಳಿಯುತ್ತಾ ಹೋದರೆ ದೋಣಿ ಹತ್ತುವುದು ಹೇಗೆ? ಅದಕ್ಕೇ ಲಾಕ್. ನಮ್ಮ ಊರಿನ ಕೆರೆಯ ತೂಬನ್ನು ನೋಡಿದ್ದೀರಾ? ನೀರನ್ನು ತಡೆದು, ಬೇಕಾದಷ್ಟು ಬಿಡುವ ವ್ಯವಸ್ಥೆ ಅದು. ಲಾಕಿನಲ್ಲಿ ಎರಡೂ ಕಡೆ ಬಾಗಿಲಿರುವ ಒಂದು ಕಲ್ಲಿನ ತೊಟ್ಟಿ ಇರುತ್ತದೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಮೊದಲ ಕಾಲುವೆಯಲ್ಲಿ ಇಂಥ 83 ಲಾಕ್‌ಗಳಿದ್ದವು.

ಸಿರಾಕ್ಯೂಸಿನಲ್ಲಿ 1850ರಲ್ಲಿ ಕಟ್ಟಿದ ಈ ಲಾಕಿನ ಕೆಲಸ ಮಾತ್ರ ಬೇರೆ. ಇದು ದೋಣಿಯನ್ನು ಏರಿಸುವುದಕ್ಕಲ್ಲ, ತೂಗುವುದಕ್ಕೆ. ಕಾಲುವೆಯ ಸುಂಕವನ್ನು ಸರಕಿನ ಬಗೆ, ತೂಕ ಮತ್ತು ದೂರ ನೋಡಿ ಹಾಕುತ್ತಿದ್ದರು. ದೋಣಿ ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರನ್ನು ಪೂರ್ತಿ ಹೊರಗೆ ಬಿಡುತ್ತಿದ್ದರು. ದೋಣಿ ಮೆಲ್ಲಗೆ ಕೆಳಗಿದ್ದ ಮರದ ತೊಟ್ಟಿಲಿನ ಮೇಲೆ ಕೂರುತ್ತಿತ್ತು. ಆ ತೊಟ್ಟಿಲು ದೊಡ್ಡ ತಕ್ಕಡಿಗೆ ಸೇರಿತ್ತು. ಬಂದ ತೂಕದಲ್ಲಿ ಖಾಲಿ ದೋಣಿಯ ತೂಕ ಕಳೆದರೆ ಸರಕಿನ ಲೆಕ್ಕ ಸಿಗುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ಇಲ್ಲಿಯೂ ಹಾಗೆಯೇ, ತಕ್ಕಡಿ ಹೇಳಿದ್ದೇ ಮಾತು.

ಹಿಂದಿನ ಕೆಲವು ತೂಕದ ಲಾಕ್‌ಗಳಲ್ಲಿ ದೋಣಿ ಪಕ್ಕಕ್ಕೆ ತಳ್ಳಿದ ನೀರನ್ನು ಅಳೆಯುತ್ತಿದ್ದರು. ಅದು ಆರ್ಕಿಮಿಡೀಸನ ತತ್ವ. ಆತ ಹುಟ್ಟಿದ್ದು ಸಿಸಿಲಿಯ ಸಿರಾಕ್ಯೂಸಿನಲ್ಲಿ, ಈ ಅಮೆರಿಕದ ಊರಿಗೆ ಹೆಸರು ಬಂದದ್ದೂ ಆ ಊರಿನಿಂದಲೇ!

ತಕ್ಕಡಿಗೆ ಸಿಗದ ಭಾರವೂ ಇತ್ತು. ಈ ಕಾಲುವೆ ಹಾದುಹೋದದ್ದು ಹೌಡೆನೊಸೌನಿ ಜನಾಂಗಗಳ ತಾಯ್ನೆಲದಲ್ಲಿ. ಅದಕ್ಕೆ ಮುಂಚಿನ ದಶಕಗಳಲ್ಲಿಯೇ ರಾಜ್ಯ ಸರ್ಕಾರ ಒಪ್ಪಂದಗಳ ಹೆಸರಿನಲ್ಲಿ ಅವರ ಬಹುಪಾಲು ನೆಲವನ್ನು ಪಡೆದುಕೊಂಡಿತ್ತು. ಅವರಲ್ಲಿ ಒಬ್ಬರಾದ ಒನೊಂಡಾಗ ಜನ ಇಂದಿಗೂ ಸಿರಾಕ್ಯೂಸಿನ ದಕ್ಷಿಣಕ್ಕೆ ತಮಗೆ ಉಳಿದಿರುವ ಸಣ್ಣ ಭಾಗದಲ್ಲಿದ್ದಾರೆ. ಇದೇ ಊರಿನಲ್ಲಿ 1851ರ ಅಕ್ಟೋಬರ್ 1ರಂದು, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಸೆರೆಸಿಕ್ಕಿದ್ದ ಜೆರ್ರಿ ಎಂಬಾತನನ್ನು ಜನ ಬಾಗಿಲು ಒಡೆದು ಬಿಡಿಸಿ ಕೆನಡಾಕ್ಕೆ ಕಳಿಸಿದರು. ಕಾಲುವೆಯಲ್ಲಿ ಗೋಧಿಯನ್ನೂ ಉಪ್ಪನ್ನೂ ತೂಗುತ್ತಿದ್ದ ಕಾಲದಲ್ಲೇ, ಮನುಷ್ಯನಿಗೂ ಬೆಲೆ ಕಟ್ಟುವ ಕಾನೂನು ಈ ದೇಶದಲ್ಲಿತ್ತು. ಅದನ್ನು ಮುರಿಯುವ ಜನರೂ ಇದ್ದರು.

ರೈಲಿನ ಪೈಪೋಟಿಯಿಂದ 1880ರ ದಶಕದ ಮೊದಲಲ್ಲಿ ಸುಂಕ ರದ್ದಾಯಿತು. ತೂಗುವ ಕೆಲಸ ನಿಂತು ಕಟ್ಟಡ ಕಚೇರಿಯಾಯಿತು. 1918ರಲ್ಲಿ ಹೊಸ ಕಾಲುವೆ ಊರ ಹೊರಗೆ ಹೋದ ಮೇಲೆ ಹಳೆಯದನ್ನು ಮುಚ್ಚಿ ರಸ್ತೆ ಮಾಡಿದರು. ಮುಂದೆ ಈ ಕಟ್ಟಡವನ್ನೂ ಕೆಡವುವ ಮಾತು ಬಂತು. ಊರಿನ ಆಸಕ್ತರು ಪಟ್ಟು ಹಿಡಿದು ಉಳಿಸಿದರು. 1962ರಲ್ಲಿ ಅದು ಈರಿ ಕಾಲುವೆ ಮ್ಯೂಸಿಯಂ ಆಯಿತು. ಅಮೆರಿಕದಲ್ಲಿ ಉಳಿದಿರುವ ತೂಕದ ಲಾಕಿನ ಕಟ್ಟಡ ಇದೊಂದೇ. ದೋಣಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಪೂರ್ಣ ಗಾತ್ರದ ದೋಣಿಯ ಮಾದರಿ ಇದೆ, ಒಳಗೆ ಹತ್ತಿ ನೋಡಬಹುದು.

ಸರ್ಕಾರ ಕಟ್ಟಿದ್ದನ್ನು ಉಳಿಸಿದವರು ಸಾಮಾನ್ಯ ಜನ. ನಿಮ್ಮ ಊರಿನಲ್ಲೂ ಯಾವುದೋ ಹಳೆಯ ಗಿರಣಿ, ಸೇತುವೆ, ನಿಲ್ದಾಣ ಇದ್ದೇ ಇರುತ್ತದೆ. ಅದನ್ನು ಕಟ್ಟಿದವರು ಯಾರು, ಅದಕ್ಕೂ ಮೊದಲು ಆ ನೆಲದಲ್ಲಿ ಬಾಳಿದವರು ಯಾರು ಎಂದು ಒಮ್ಮೆ ಕೇಳಿ ನೋಡಿ. ನೀವು ಹುಟ್ಟಿ ಬೆಳೆದ ನೆಲದ ಚರಿತ್ರೆಯೂ ನಿಮ್ಮದೇ.