ತಾರೀಖು ಇಲ್ಲದ ಬದಲಾವಣೆ

1983ರ ಜನವರಿ 1ರಂದು ಅಮೆರಿಕದ ಕಂಪ್ಯೂಟರ್ ಜಾಲ ಆರ್ಪಾನೆಟ್, ಎನ್‌ಸಿಪಿ ಎಂಬ ಹಳೆಯ ಪ್ರೋಟೊಕಾಲ್ ಬಿಟ್ಟು ಟಿಸಿಪಿ/ಐಪಿ ಹಿಡಿಯಿತು. ಜಾನ್ ಪೋಸ್ಟೆಲ್ ಅದರ ಯೋಜನೆಯನ್ನು 1981ರ ನವೆಂಬರಿನಲ್ಲೇ ಬರೆದಿಟ್ಟಿದ್ದರು: 1982ರಲ್ಲಿ ಎರಡೂ ಜೊತೆಗೆ ನಡೆಯಲಿ, ವರ್ಷ ಮುಗಿದೊಡನೆ ಹಳೆಯದು ಬಂದ್. ಉದಾಸೀನ ಮಾಡಿದವರಿಗೆ ಬಿಸಿ ತಟ್ಟಲೆಂದು ನಡುವೆ ಒಂದು ದಿನ ಎನ್‌ಸಿಪಿಯನ್ನು ನಿಲ್ಲಿಸಿಯೂ ನೋಡಿದರು. ಗೆದ್ದು ಬಂದವರು ಅದರ ನೆನಪಿಗೆ ಬ್ಯಾಡ್ಜ್ ಮಾಡಿಸಿಕೊಂಡರು.

2011ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ನನಗೆ ಅವರನ್ನು ಕಂಡರೆ ಅಸೂಯೆ. ಅವರಿಗೊಂದು ತಾರೀಖಿತ್ತು.

ಆ ವರ್ಷ ಫೆಬ್ರವರಿ 3ಕ್ಕೆ ಐಪಿವಿ4 ಎಂಬ ಹಳೆಯ ಇಂಟರ್ನೆಟ್ ವಿಳಾಸಗಳ ಜಾಗತಿಕ ಉಗ್ರಾಣ ಖಾಲಿಯಾಯಿತು. 32 ಬಿಟ್‌ಗಳಲ್ಲಿ ಹಿಡಿಸುವುದೇ ಸುಮಾರು 430 ಕೋಟಿ ವಿಳಾಸ. 128 ಬಿಟ್‌ಗಳ ಐಪಿವಿ6 1995ರಿಂದಲೇ ಸಿದ್ಧವಿತ್ತು, ನಮ್ಮ ದೂರಸಂಪರ್ಕ ಇಲಾಖೆಯೂ 2010ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಆದರೆ ಐಪಿವಿ4, ಐಪಿವಿ6 ಎರಡೂ ನೇರವಾಗಿ ಮಾತಾಡಿಕೊಳ್ಳುವುದಿಲ್ಲ. ಹಳೆಯದನ್ನು ನಿಲ್ಲಿಸಿ ಎನ್ನುವ ಅಧಿಕಾರ ಈಗ ಯಾರ ಕೈಯಲ್ಲೂ ಇಲ್ಲ. ಉಳಿದದ್ದು ಡ್ಯುಯಲ್ ಸ್ಟ್ಯಾಕ್: ಒಂದೇ ತಂತಿಯಲ್ಲಿ ಎರಡನ್ನೂ ಓಡಿಸುವುದು.

ನನ್ನ ಹತ್ತಿರ ರಟ್ಟಿನ ಬೈಂಡಿನ ಒಂದು ಲೆಡ್ಜರ್ ಇತ್ತು. ಕೋಣೆ, ಯಂತ್ರ, ಐಪಿ ಎಂದು ಮೂರು ಕಾಲಂ. ಹೊರಗಿನ ವಿಳಾಸ ನಮಗಿದ್ದದ್ದು ಹದಿನಾರು, ಯಂತ್ರಗಳು ಎಂಟುನೂರು. ಊರಿನವರ ಕಾಗದವೆಲ್ಲ ಗೌಡರ ಮನೆ ವಿಳಾಸಕ್ಕೇ ಬಂದ ಹಾಗೆ ಎಲ್ಲವೂ ನ್ಯಾಟ್‌ನ ಹಿಂದೆ. ಐಪಿವಿ6ರಲ್ಲಿ ಸಿಕ್ಕ /48 ಒಂದರಲ್ಲೇ 65,536 ಸಬ್‌ನೆಟ್! ಬಡತನದಲ್ಲಿ ಬೆಳೆದ ಕೈಗೆ ಧಾರಾಳವಾಗಿ ಹಂಚುವುದು ಸುಲಭವಲ್ಲ. ಮೊದಲ ಸಲ ನಾನು ಜಿಪುಣನಂತೆ ಸಣ್ಣ ಸಣ್ಣ ತುಂಡು ಮಾಡಿದ್ದೆ. ಎರಡು ವಾರದ ಕೆಲಸ ಹೊಡೆದುಹಾಕಿ ಮತ್ತೆ ಬರೆದೆ. ವಿಳಾಸದ ನಾಲ್ಕನೆಯ ಗುಂಪಿನಲ್ಲಿ ಮೊದಲ ಅಂಕಿ ಕಟ್ಟಡಕ್ಕೆ, ಎರಡನೆಯದು ಮಹಡಿಗೆ, ಕೊನೆಯ ಎರಡು ಲ್ಯಾಬಿಗೆ. 3204 ಎಂದರೆ ಮೂರನೇ ಕಟ್ಟಡ, ಎರಡನೇ ಮಹಡಿ, ನಾಲ್ಕನೇ ಲ್ಯಾಬ್. ಕೆಟ್ಟದ್ದು ಎಲ್ಲಿ ಎಂದು ವಿಳಾಸವೇ ಹೇಳುತ್ತಿತ್ತು. ಇಷ್ಟು ಚೆಂದದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ.

ಎಡವಿದ್ದು ಬೇರೆ ಕಡೆ. ಲೈಬ್ರರಿ ಸರ್ವರ್‌ನ ಹೊಸ ವಿಳಾಸವನ್ನು ಡಿಎನ್‌ಎಸ್‌ಗೆ ಸೇರಿಸಿದೆ. ಫೈರ್‌ವಾಲ್‌ನಲ್ಲಿ ಅದಕ್ಕೆ ದಾರಿ ಬಿಡಲು ಮರೆತೆ. ಬ್ರೌಸರ್‌ಗಳು ಹೊಸ ದಾರಿಯನ್ನೇ ಮೊದಲು ಹಿಡಿದು, ಕಾದು ಕಾದು ಹಳೆಯದಕ್ಕೆ ಮರಳುತ್ತಿದ್ದವು.

“ಸರ್ರ, ಕ್ಯಾಟಲಾಗ್ ಲಗೂ ಬರವಲ್ದು,” ಎಂದು ಅಟೆಂಡರ್ ಓಡಿ ಬಂದ. ಅವನ ಬೆನ್ನಿಗೆ ಪರೀಕ್ಷೆಯ ಹುಡುಗರ ಸಾಲು. ಆಮೇಲೆ ಲೆಡ್ಜರಿಗೆ ನಾಲ್ಕನೆಯ ಕಾಲಂ ಎಳೆದೆ: ಫೈರ್‌ವಾಲ್. ಅದರಲ್ಲಿ ಟಿಕ್ ಬೀಳದೆ ಡಿಎನ್‌ಎಸ್ ಮುಟ್ಟುವಂತಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಹುಡುಗರ ಜೇಬಿನೊಳಗೇ ಐಪಿವಿ6 ಬಂತು. ಲೆಡ್ಜರಿನ ಹಳೆಯ ಐಪಿ ಕಾಲಂ ಮಾತ್ರ ನಾನು ನಿವೃತ್ತನಾಗುವ ದಿನವೂ ತೆರೆದೇ ಇತ್ತು. ಪರೀಕ್ಷಾ ವಿಭಾಗದ ಪ್ರಿಂಟರಿಗೆ ವಿ4 ಬಿಟ್ಟರೆ ಬೇರೆ ಬರುತ್ತಿರಲಿಲ್ಲ.