ಅನಿಮೆ, ಗೇಮಿಂಗ್‌ಗೆ ವಯಸ್ಸಿನ ಮಿತಿ ಇದೆಯೇ? ಹಿರಿಯ ಅಭಿಮಾನಿಗಳ ಲೋಕ ಹೀಗಿದೆ

ಕಾರ್ಟೂನ್, ವಿಡಿಯೋ ಗೇಮ್ ಎಂದರೆ ಮಕ್ಕಳಿಗೆ ಮಾತ್ರ ಎಂಬ ಮಾತು ಹಲವು ಮನೆಗಳಲ್ಲಿ ಕೇಳಿಬರುತ್ತದೆ. ನಲವತ್ತು ದಾಟಿದವರು ಅನಿಮೆ ನೋಡುತ್ತಾ ಕುಳಿತರೆ ಮನೆಯವರು ನಗುತ್ತಾರೆ. ಆನ್‌ಲೈನ್ ಆಟಕ್ಕೆ ಇಳಿದರೆ ಅಲ್ಲಿನ ಹುಡುಗರು 'ಅಂಕಲ್' ಎಂದು ಕಾಲೆಳೆಯುತ್ತಾರೆ. ಆದರೆ ಈ ಹವ್ಯಾಸಗಳನ್ನು ಕಟ್ಟಿ ಬೆಳೆಸಿದ ತಲೆಮಾರೇ ಈಗ ಹಿರಿಯ ನಾಗರಿಕರ ಸಾಲಿಗೆ ಸೇರಿದೆ.

ಶುರುವಾದದ್ದು ಯಾವಾಗ?

ಜಪಾನಿನಲ್ಲಿ ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' ಟಿವಿ ಸರಣಿ ಆರಂಭವಾದದ್ದು 1963ರ ಜನವರಿ 1ರಂದು. ಅಂದು ಅದನ್ನು ನೋಡಿದ ಮಕ್ಕಳಿಗೆ ಈಗ ಅರವತ್ತು ದಾಟಿದೆ. ಅಭಿಮಾನಿಗಳೇ ಬರೆದು ಅಚ್ಚು ಹಾಕಿಸಿದ ಕಾಮಿಕ್ಸ್ ಮಾರುವ 'ಕಾಮಿಕೆಟ್' ಮೇಳ 1975ರ ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ಶುರುವಾಯಿತು. ಮೊದಲ ಮೇಳದಲ್ಲಿದ್ದದ್ದು 32 ಗುಂಪುಗಳು, ಬಂದವರು ಸುಮಾರು 700 ಜನ. ಅವರಲ್ಲಿ ಹೆಚ್ಚಿನವರು ಶಾಲಾ ಹುಡುಗಿಯರು. ಇಂದು ಅದೇ ಮೇಳಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಮನೆಮನೆಗೆ ಗೇಮ್ ತಲುಪಿಸಿದ ನಿಂಟೆಂಡೊದ ಫ್ಯಾಮಿಕಾಮ್ ಬಂದದ್ದು 1983ರಲ್ಲಿ.

ಕಂಟ್ರೋಲರ್ ಹಿಡಿದ ಅಜ್ಜಿಯರು

ಜಪಾನಿನ ಹಮಾಕೊ ಮೋರಿ 1981ರಲ್ಲಿ, ತಮ್ಮ ಐವತ್ತರ ಆಸುಪಾಸಿನಲ್ಲಿ ಗೇಮ್ ಆಡಲು ಆರಂಭಿಸಿದರು. 2020ರಲ್ಲಿ, 90ನೇ ವಯಸ್ಸಿನಲ್ಲಿ, ವಿಶ್ವದ ಅತ್ಯಂತ ಹಿರಿಯ ಗೇಮಿಂಗ್ ಯೂಟ್ಯೂಬರ್ ಎಂದು ಗಿನ್ನೆಸ್ ದಾಖಲೆಗೆ ಸೇರಿದರು. ಅಮೆರಿಕದಲ್ಲಿ 1936ರಲ್ಲಿ ಜನಿಸಿದ ಶರ್ಲಿ ಕರ್ರಿ 'ಸ್ಕೈರಿಮ್' ಆಟದಿಂದ ಹೆಸರಾದರು. ನೋಡುಗರನ್ನು ಅವರು ಮೊಮ್ಮಕ್ಕಳೆಂದೇ ಕರೆಯುತ್ತಾರೆ. ಆ ಸರಣಿಯ ಮುಂದಿನ ಆಟದಲ್ಲಿ ಅವರದೇ ಹೆಸರಿನ ಪಾತ್ರ ಇರಲಿದೆ ಎಂದು ಬೆಥೆಸ್ಡಾ ಸಂಸ್ಥೆ 2019ರಲ್ಲಿ ಪ್ರಕಟಿಸಿತು. ಅದಕ್ಕಾಗಿ ಒತ್ತಾಯಿಸಿದ್ದವರು ಅಭಿಮಾನಿಗಳೇ.

ಬೆರಳು ನಿಧಾನವಾದರೆ?

ವೇಗದ ಆಟಗಳಲ್ಲಿ ವಯಸ್ಸು ಲೆಕ್ಕಕ್ಕೆ ಬರುತ್ತದೆ, ನಿಜ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ 'ಸ್ಟಾರ್‌ಕ್ರಾಫ್ಟ್ 2' ಆಡುವ 16ರಿಂದ 44 ವರ್ಷದ 3,305 ಮಂದಿಯ ಆಟ ಪರಿಶೀಲಿಸಿದರು. ಪ್ರತಿಕ್ರಿಯೆಯ ವೇಗ 24ರ ಸುಮಾರಿಗೇ ಇಳಿಯತೊಡಗುತ್ತದೆ ಎಂಬುದು ಅವರು ಕಂಡದ್ದು. ಹಿರಿಯರು ಸರಳ ತಂತ್ರ, ಕೀಲಿಮಣೆಯ ಅಡ್ಡದಾರಿಗಳಿಂದ ಆ ಕೊರತೆ ತುಂಬಿಕೊಳ್ಳುತ್ತಾರೆ ಎಂಬ ಸೂಚನೆಯೂ ಅದರಲ್ಲಿತ್ತು.

ಸ್ವೀಡನ್‌ನ ಹಿರಿಯರ ತಂಡ 'ಸಿಲ್ವರ್ ಸ್ನೈಪರ್ಸ್' 'ಕೌಂಟರ್ ಸ್ಟ್ರೈಕ್' ಪಂದ್ಯಗಳಿಗೆ ಇಳಿಯಿತು. ಜಪಾನಿನ ಅಕಿತಾ ಪ್ರಾಂತ್ಯದಲ್ಲಿ 2021ರಲ್ಲಿ ಅರವತ್ತು ದಾಟಿದವರೇ ಇರುವ 'ಮತಾಗಿ ಸ್ನೈಪರ್ಸ್' ಹುಟ್ಟಿಕೊಂಡಿತು. ಜಪಾನಿನಲ್ಲಿ ವೃದ್ಧರ ಪ್ರಮಾಣ ಅತಿ ಹೆಚ್ಚಿರುವ ಪ್ರಾಂತ್ಯ ಅಕಿತಾ.

ದೊಡ್ಡ ತೊಡಕು ಒಂಟಿತನ

ಹಿರಿಯ ಅಭಿಮಾನಿಗೆ ಕೈ ನಿಧಾನವಾಗುವುದಕ್ಕಿಂತ ಮಾತಿಗೆ ಜೊತೆ ಸಿಗದಿರುವುದೇ ದೊಡ್ಡ ಕಷ್ಟ. ಓರಗೆಯವರಿಗೆ ವಿಷಯ ತಿಳಿಯದು, ತಿಳಿದ ಕಿರಿಯರ ಎದುರು ವಯಸ್ಸು ಹೇಳಿಕೊಳ್ಳಲು ಮುಜುಗರ. ಎಷ್ಟೋ ಮಂದಿ ಮೈಕ್ ಆಫ್ ಮಾಡಿಕೊಂಡೇ ಆಡುತ್ತಾರೆ.

ಕಾವೊರಿ ತ್ಸುರುತಾನಿ ಅವರ ಮಾಂಗಾ 'ಮೆಟಮಾರ್ಫೋಸ್ ನೊ ಎಂಗಾವಾ' ಇದನ್ನೇ ಹೇಳುತ್ತದೆ. ಪತಿಯನ್ನು ಕಳೆದುಕೊಂಡ 75ರ ಅಜ್ಜಿ ಪುಸ್ತಕದಂಗಡಿಯಲ್ಲಿ ಆಕಸ್ಮಿಕವಾಗಿ ಇಬ್ಬರು ಹುಡುಗರ ಪ್ರೇಮಕಥೆಯ ಕಾಮಿಕ್ಸ್ ಕೊಳ್ಳುತ್ತಾರೆ. ಅಂಗಡಿಯಲ್ಲಿ ಕೆಲಸ ಮಾಡುವ ಹೈಸ್ಕೂಲು ಹುಡುಗಿಗೂ ಅದೇ ಕಥೆ ಇಷ್ಟ, ಆದರೆ ಹೇಳಿಕೊಳ್ಳಲು ನಾಚಿಕೆ. ಇಬ್ಬರ ನಡುವೆ ಗೆಳೆತನ ಬೆಳೆಯುತ್ತದೆ. 2022ರಲ್ಲಿ ಇದು ಚಲನಚಿತ್ರವೂ ಆಯಿತು.

ಹಿರಿಯರು ಗಮನಿಸಬೇಕಾದದ್ದು

* ಗುಂಪಿನಲ್ಲಿ ಅಪ್ರಾಪ್ತರಿದ್ದರೆ ಮಾತುಕತೆ ಎಲ್ಲರೆದುರೇ ಇರಲಿ, ಅವರ ವೈಯಕ್ತಿಕ ವಿವರ ಕೇಳುವುದು ಬೇಡ.
* 'ನಮ್ಮ ಕಾಲವೇ ಚೆನ್ನಾಗಿತ್ತು' ಎಂಬ ಉಪದೇಶಕ್ಕಿಂತ ಹಳೆಯ ಸರಣಿಗಳ ಪರಿಚಯ ಮಾಡಿಕೊಟ್ಟರೆ ಕಿರಿಯರು ಕೇಳುತ್ತಾರೆ.
* ಆಟದ ನೆಪದಲ್ಲಿ ಒಟಿಪಿ, ಹಣ ಕೇಳಿದರೆ ಕೊಡಬಾರದು.
* ಅಕ್ಷರದ ಗಾತ್ರ, ಸಬ್‌ಟೈಟಲ್, ಆಟದ ಕಷ್ಟದ ಮಟ್ಟ ಬದಲಿಸಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಭಾರತದ ನಂಟು

ಭಾರತದಲ್ಲೂ ಈ ತಲೆಮಾರು ಸಿದ್ಧವಾಗುತ್ತಿದೆ. 90ರ ದಶಕದಲ್ಲಿ ದೂರದರ್ಶನದಲ್ಲಿ 'ಜಂಗಲ್ ಬುಕ್' ನೋಡಿ, ಗುಲ್ಜಾರ್ ಬರೆದ ಶೀರ್ಷಿಕೆ ಗೀತೆ ಗುನುಗಿದ ಮಕ್ಕಳು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಅವರು ನೋಡಿದ್ದು ಜಪಾನಿನ ಅನಿಮೆ ಎಂಬುದು ಆಗ ಹಲವರಿಗೆ ಗೊತ್ತಿರಲಿಲ್ಲ. ಭಾರತ-ಜಪಾನ್ ಕೂಡಿ ತಯಾರಿಸಿದ 1993ರ ರಾಮಾಯಣ ಅನಿಮೆ ಚಿತ್ರ 2025ರ ಜನವರಿಯಲ್ಲಿ ಮತ್ತೆ ತೆರೆಗೆ ಬಂತು. ಅಂದಿನ ಮಕ್ಕಳು ಇಂದು ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬಹುದಾದ ಅನಿಮೆ ಅದು.