ಹುಕ್ಕಾದಿಂದ ಹೂದಾನಿಯವರೆಗೆ: ಬಿದರಿಯ ಪಯಣ

ಹಳೆಯದಕ್ಕೆ ಈಗ ಹೊಸ ಬೆಲೆ ಬಂದಿದೆ. ಒಂದು ಕಾಲಕ್ಕೆ ಅಟ್ಟ ಸೇರಿದ್ದ ಪಾನ್‌ದಾನ್, ತಾಮ್ರದ ಹಂಡೆ, ತೇಗದ ಪೆಟ್ಟಿಗೆ, ಗ್ರಾಮಫೋನುಗಳೆಲ್ಲ ನಗರದ ಅಪಾರ್ಟ್‌ಮೆಂಟುಗಳ ಹಜಾರಕ್ಕೆ ಮರಳಿ ಬರುತ್ತಿವೆ. ಅಸಲಿ ಹಳೆಯ ವಸ್ತು ಸಿಗದವರಿಗಾಗಿ ಅದೇ ಮಾದರಿಯ ಹೊಸ ವಸ್ತುಗಳೂ ತಯಾರಾಗುತ್ತಿವೆ. ‘ವಿಂಟೇಜ್’, ‘ರೆಟ್ರೊ’ ಎಂಬ ಚೀಟಿ ಅಂಟಿಸಿದರೆ ಸಾಕು, ಕೊಳ್ಳುವವರಿದ್ದಾರೆ. ನಮ್ಮ ಬೀದರಿನ ಬಿದರಿ ಸಾಮಾನಿಗೂ ಈ ಸಾಲಿನಲ್ಲಿ ಜಾಗ ಸಿಕ್ಕಿದೆ. ಕಪ್ಪು ಮೈಮೇಲೆ ಬೆಳ್ಳಿಯ ಬಳ್ಳಿ ಹರಿದ ಹೂದಾನಿಯನ್ನು ಕಂಡವರು ‘ನವಾಬರ ಕಾಲದ್ದು’ ಎಂದು ಮೆಚ್ಚುತ್ತಾರೆ.

ಮೆಚ್ಚುಗೆಯೇನೋ ಸರಿ. ಆದರೆ ಬಿದರಿಯ ಇತಿಹಾಸವನ್ನು ಸ್ವಲ್ಪ ಕೆದಕಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಬಿದರಿ ತನ್ನ ಕಾಲದಲ್ಲಿ ಹಳೆಯ ವಸ್ತುವಾಗಿರಲಿಲ್ಲ. ಆಯಾ ಕಾಲದ ಹೊಸ ಮನೆಗಾಗಿ, ಹೊಸ ಚಟಕ್ಕಾಗಿ, ಹೊಸ ರುಚಿಗಾಗಿ ಹುಟ್ಟಿದ ವಸ್ತು ಅದು. ಇದನ್ನು ಮರೆತರೆ ಈ ಕಲೆಯ ಇಂದಿನ ಕಷ್ಟವೂ ನಮಗೆ ಅರ್ಥವಾಗುವುದಿಲ್ಲ.

ಬಹಮನಿ ಸುಲ್ತಾನ ಅಹ್ಮದ್ ಷಾ ವಲಿ (1422–1436) ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ತಂದ. ಇರಾನಿನಿಂದ ವಿದ್ವಾಂಸರು, ಸೂಫಿಗಳು, ಕುಶಲಕರ್ಮಿಗಳು ಇಲ್ಲಿಗೆ ಬಂದರು. ಅವರ ಜೊತೆಯಲ್ಲೇ ಈ ಕಲೆಯೂ ಬಂತೆಂಬ ಐತಿಹ್ಯ ಊರಿನಲ್ಲಿದೆ. ಆದರೆ ವಸ್ತುಸಂಗ್ರಹಾಲಯಗಳಲ್ಲಿ ಇಂದು ಕಾಣಸಿಗುವ ಹಳೆಯ ಬಿದರಿ ಸಾಮಾನುಗಳು ಸುಮಾರು 17ನೇ ಶತಮಾನದವು. ಕಪ್ಪಿನ ಮೇಲೆ ಬಿಳುಪನ್ನು ಕೂರಿಸುವ ಅಭಿರುಚಿ ಮಾತ್ರ ಬೀದರಿನಲ್ಲಿ ಅದಕ್ಕೂ ಹಿಂದಿನದು. ಅಲಿ ಬರೀದ್ ಷಾನ ಕಾಲದ (1542–1580) ರಂಗಮಹಲಿನಲ್ಲಿ ಕಪ್ಪು ಶಿಲೆಯೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸವನ್ನು ಈಗಲೂ ನೋಡಬಹುದು.

ಬಿದರಿಯನ್ನು ದೇಶದ ಉದ್ದಗಲಕ್ಕೆ ಒಯ್ದದ್ದು ಹುಕ್ಕಾ. ತಂಬಾಕು ಪೋರ್ಚುಗೀಸರ ಹಡಗುಗಳಲ್ಲಿ ದಖನ್ನಿಗೆ ಬಂದ ಹೊಸ ಸರಕು. 17ನೇ ಶತಮಾನದ ಆರಂಭದಲ್ಲಿ ಅಸದ್ ಬೇಗ್ ಎಂಬ ಮೊಗಲ್ ಅಧಿಕಾರಿ ಬಿಜಾಪುರದಿಂದ ತಂಬಾಕನ್ನು ಒಯ್ದು ಅಕ್ಬರನ ಮುಂದಿಟ್ಟ. ಅಂದಿನ ದರ್ಬಾರಿಗೆ ಅದು ಹೊಚ್ಚಹೊಸ ವಿಸ್ಮಯ. ಹುಕ್ಕಾ ಸೇದುವ ಶೋಕಿ ಹರಡಿದಂತೆ, ನೀರು ತುಂಬಿಸುವ ಅದರ ತಳಪಾತ್ರೆಗೆ ಬೇಡಿಕೆ ಬಂತು. ಅದು ಉರುಳದಂತೆ ತೂಕವಾಗಿರಬೇಕು, ಮಜಲಿಸಿನ ನಡುವೆ ಚೆಂದ ಕಾಣಬೇಕು. ಬಿದರಿಗೆ ಎರಡೂ ಗುಣ ಇತ್ತು. ಮೊದಮೊದಲು ಗುಂಡಗಿದ್ದ ಪಾತ್ರೆ ಮುಂದೆ ಗಂಟೆಯ ಆಕಾರಕ್ಕೆ ತಿರುಗಿತು. ಹುಕ್ಕಾದ ಹಿಂದೆಯೇ ಪಾನ್‌ದಾನ್, ಉಗಾಲ್‌ದಾನ್, ಸುರಾಹಿ, ಕೈತೊಳೆಯುವ ಆಫ್ತಾಬಾ, ನೆಲಹಾಸು ಹಾರದಂತೆ ಮೂಲೆಗಿಡುವ ಮೀರ್‌-ಎ-ಫರ್ಶ್‌ಗಳೆಲ್ಲ ಬಂದವು. ಲಖನೌ, ಮುರ್ಷಿದಾಬಾದ್, ಬಿಹಾರದ ಪೂರ್ಣಿಯಾಗಳಲ್ಲೂ ಈ ಕೆಲಸ ಬೇರೂರಿತು. ಊರು ಯಾವುದಾದರೂ ಕಲೆಯ ಹೆಸರು ಬೀದರಿನದೇ ಆಯಿತು.

ಈ ವಸ್ತು ತಯಾರಾಗುವ ಬಗೆಯನ್ನು ತಿಳಿದರೆ ಅದರ ಬೆಲೆಯ ಮರ್ಮ ತಿಳಿಯುತ್ತದೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪು ಮೊನೆಯಿಂದ ಬಳ್ಳಿ, ಹೂವು ಬರೆದು, ಸಣ್ಣ ಉಳಿಗಳಿಂದ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು. ಮತ್ತೆ ಉಜ್ಜಿದಾಗ ತಾತ್ಕಾಲಿಕ ಕಪ್ಪು ಹೋಗಿ, ಬೂದು ಲೋಹದಲ್ಲಿ ಬೆಳ್ಳಿ ಎಲ್ಲಿದೆಯೆಂದೇ ಕಾಣುವುದಿಲ್ಲ.

ನಿಜವಾದ ಸೋಜಿಗ ಕೊನೆಯ ಹಂತದಲ್ಲಿದೆ. ಬೀದರ್ ಕೋಟೆಯ ಹಳೆಯ ಕಟ್ಟಡಗಳಲ್ಲಿ ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ತಂದು, ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಮಣ್ಣು ಸರಿಯಾದದ್ದೇ ಎಂದು ತಿಳಿಯಲು ಅನುಭವಿ ಕಸುಬುದಾರರು ಅದನ್ನು ನಾಲಿಗೆಗೆ ಇಟ್ಟು ನೋಡುತ್ತಾರೆ. ಮಿಶ್ರಲೋಹದಲ್ಲಿರುವ ಆ ಒಂದು ಪಾಲು ತಾಮ್ರದಿಂದಲೇ ಈ ಕಪ್ಪು ಮೂಡುತ್ತದೆ ಎನ್ನುವುದು ಲೋಹತಜ್ಞರ ವಿವರಣೆ. ಮುಸ್ಲಿಮರು, ಲಿಂಗಾಯತರು ಇಬ್ಬರೂ ಈ ಕಸುಬು ಮಾಡಿಕೊಂಡು ಬಂದವರು. ಫಾರಸಿಯ ಹೆಸರು, ಕನ್ನಡ ನೆಲದ ಮಣ್ಣು ಒಂದೇ ಪಾತ್ರೆಯಲ್ಲಿ ಕೂಡಿವೆ.

19ನೇ ಶತಮಾನದಲ್ಲಿ ಗಿರಾಕಿ ಬದಲಾದ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಿದರಿ ಕಾಣಿಸಿಕೊಂಡಿತು. ಅಲ್ಲಿನವರಿಗೆ ಹುಕ್ಕಾ ಬೇಕಿರಲಿಲ್ಲ, ಹೂದಾನಿ, ತಟ್ಟೆ, ಪೆಟ್ಟಿಗೆಗಳು ಬೇಕಿದ್ದವು. ಮುಂದೆ ಸಿಗರೇಟ್ ಡಬ್ಬಿ, ಬೂದಿ ತಟ್ಟೆ, ಅಂಗಿಯ ಗುಂಡಿಗಳೂ ಬಂದವು. ಊರಿನ ಶ್ರೀಮಂತ ಮನೆಗಳಲ್ಲಿ ಮಾತ್ರ ಪಾನ್‌ದಾನ್ ಮಗಳ ಜಹೇಜಿನಲ್ಲಿ ಉಳಿಯಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1949ರಲ್ಲಿ ಜಾಗೀರದಾರಿ ರದ್ದಾಯಿತು. ರೈತನ ಪಾಲಿಗೆ ಅದು ಬಿಡುಗಡೆ. ಆದರೆ ಜಾಗೀರದಾರರ ದಿವಾನಖಾನೆಯನ್ನೇ ನೆಚ್ಚಿಕೊಂಡಿದ್ದ ಕುಶಲಕರ್ಮಿ ಗಿರಾಕಿಯನ್ನು ಕಳೆದುಕೊಂಡ. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ದೊಡ್ಡ ಮಾರುಕಟ್ಟೆಯಾದ ಹೈದರಾಬಾದ್ ಬೇರೆ ರಾಜ್ಯದಲ್ಲಿ ಉಳಿಯಿತು. ಮುಂದಿನ ದಶಕಗಳಲ್ಲಿ ಸರ್ಕಾರದ ಕಾವೇರಿ ಮಳಿಗೆಗಳು ಈ ಕಲೆಯ ಒಂದು ಆಸರೆಯಾದವು. 2006ರ ಹೊತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಗೌರವ ಬಂದಿತು, ಹೊಟ್ಟೆಯ ಪ್ರಶ್ನೆ ಉಳಿಯಿತು. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗೆ 1 ಲಕ್ಷ ರೂಪಾಯಿ ದಾಟಿತು. ಬೆಳ್ಳಿಯನ್ನು ಮೊದಲೇ ದುಡ್ಡು ಕೊಟ್ಟು ತರಬೇಕು, ಮಾಲು ಮಾರಾಟವಾಗಿ ಹಣ ಕೈಸೇರಲು ತಿಂಗಳುಗಳೇ ಬೇಕು. ಸಣ್ಣ ಕಾರಖಾನೆಯವನು ಇದನ್ನು ಎಲ್ಲಿಂದ ಹೊಂದಿಸಬೇಕು? ಬೆಲೆ ಏರಿಸಿದರೆ ಗಿರಾಕಿ ಹಿಂದೆ ಸರಿಯುತ್ತಾನೆ, ಏರಿಸದಿದ್ದರೆ ಕಡಿತ ಬೀಳುವುದು ಕೂಲಿಗೆ. ಲೋಹದ ಹೊಗೆಯಲ್ಲಿ, ಅರದ ಧೂಳಿನಲ್ಲಿ ಕಣ್ಣು ಕಿರಿದಾಗಿಸಿ ಕೂರುವ ಈ ಕೆಲಸಕ್ಕೆ ಮಕ್ಕಳು ಬರಲೊಲ್ಲರೆಂದರೆ ಅವರನ್ನು ದೂರುವುದಾದರೂ ಹೇಗೆ?

ಇಲ್ಲಿಯೇ ನಮ್ಮ ‘ವಿಂಟೇಜ್’ ಮೋಹವನ್ನು ಪರೀಕ್ಷಿಸಿಕೊಳ್ಳಬೇಕಾಗಿದೆ. ನವಾಬರ ಕಾಲದ್ದೆಂದು ಹಳೆಯ ಹುಕ್ಕಾವೊಂದನ್ನು ದೊಡ್ಡ ಮೊತ್ತಕ್ಕೆ ಕೊಂಡರೆ ಆ ಹಣ ಸೇರುವುದು ಹಳೆಯ ವಸ್ತುಗಳ ವ್ಯಾಪಾರಿಗೆ. ಅದನ್ನು ಕೊರೆದ ಕೈ ಎಂದೋ ಮಣ್ಣಾಗಿದೆ. ಅದೇ ಮಣ್ಣು, ಅದೇ ಉಳಿಯಿಂದ ಇಂದು ತಯಾರಾದ ಪೆನ್ ಸ್ಟ್ಯಾಂಡು, ದೀಪದ ಬುಡ, ಪೆನ್‌ಡ್ರೈವ್‌ನ ಕವಚಗಳು ನಕಲು ವಸ್ತುಗಳಲ್ಲ. ಹುಕ್ಕಾ ತನ್ನ ಕಾಲದಲ್ಲಿ ಎಷ್ಟು ಅಸಲಿಯೋ ಇವೂ ಅಷ್ಟೇ ಅಸಲಿ. ಅಚ್ಚೊತ್ತಿದ ಚಿತ್ತಾರಕ್ಕೆ ಕಪ್ಪು ಬಣ್ಣ ಬಳಿದದ್ದು ಮಾತ್ರ ನಕಲು. ಬಿದರಿ ಮನೆಗೆ ತಂದ ಮೇಲೆ ಅದರ ಆರೈಕೆಯೂ ಕಷ್ಟವಲ್ಲ. ಕಪ್ಪು ಮಾಸಿದರೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿದರೆ ಸಾಕು.

ಬೀದರಿನ ಚೌಬಾರದ ಆಸುಪಾಸಿನಲ್ಲಿ ಇಂದಿಗೂ ಬಿದರಿ ಅಂಗಡಿಗಳಿವೆ. ಹೋದವರು ಸಾಮಾನಿನ ವಯಸ್ಸು ಕೇಳುವ ಬದಲು ಅದನ್ನು ಮಾಡಿದವರ ಹೆಸರು ಕೇಳಲಿ. ಕೂಲಿ ನ್ಯಾಯವಾಗಿ ದಕ್ಕುವಂಥ ಬೆಲೆ ಕೊಡಲಿ. ಹಳತನ್ನು ಪ್ರೀತಿಸುತ್ತೇವೆ ಎನ್ನುವ ನಮ್ಮ ಮಾತಿಗೆ ಆಗ ಅರ್ಥ ಬರುತ್ತದೆ.